ಬೆಟಗೇರಿಯ ರೊಟ್ಟಿ, ಕೇದಾರದ ಆಡು

ನಮ್ಮತ್ತೆ ಕೇದಾರಕ್ಕೆ ಹೋಗಬೇಕೆಂದು ಹಟ ಹಿಡಿದದ್ದು ಬರೀ ಭಕ್ತಿಯಿಂದ ಎಂದು ಓಣಿಯವರೆಲ್ಲ ತಿಳಿದಿದ್ದರು. ಭಕ್ತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಹಟದ ಹಿಂದೆ ಲಕ್ಷ್ಮೇಶ್ವರದಲ್ಲಿದ್ದ ಅವರ ಅಕ್ಕ ಇದ್ದರು. ನಾವು ದೊಡ್ಡತ್ತೆ ಎನ್ನುತ್ತಿದ್ದ ಆ ಅಕ್ಕ ಹಿಂದೊಮ್ಮೆ ಕಾಶಿಗೆ ಹೋಗಿ ಬಂದಿದ್ದರು. ಯಾತ್ರೆ ಮಾಡಿ ಬಂದವರನ್ನು ನಮ್ಮ ಮನೆತನಗಳಲ್ಲಿ ಹೊಸ್ತಿಲಲ್ಲೇ ನಿಲ್ಲಿಸಿ, ಹಿತ್ತಾಳೆಯ ಅಗಲ ತಟ್ಟೆಯಂಥ ಪರಾತದಲ್ಲಿ ಅವರ ಕಾಲಿರಿಸಿ, ನೀರು ಹಾಕಿ ತೊಳೆಯುತ್ತಾರೆ. ಆಮೇಲೆ ಹಿರಿಯರು ಕಿರಿಯರೆನ್ನದೆ ಎಲ್ಲರೂ ಕಾಲಿಗೆ ಬೀಳುತ್ತಾರೆ. ಅತ್ತೆಯೂ ಅಕ್ಕನ ಕಾಲು ತೊಳೆದು ಬಿದ್ದೆದ್ದಿದ್ದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ದೊಡ್ಡತ್ತೆ ಮಾತ್ರ ಪ್ರತಿ ಮದುವೆಯಲ್ಲೂ ಪ್ರತಿ ತೊಟ್ಟಿಲ ಸಮಾರಂಭದಲ್ಲೂ ತಾವು ಕಾಶಿಗೆ ಹೋದ ಕಥೆಯನ್ನು ಮೊದಲಿನಿಂದ ತೆಗೆಯುತ್ತಿದ್ದರು. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡುತ್ತಿದ್ದರು. ಅಕ್ಕ ಒಂದೇ ಒಂದು ಸಲ ತಮ್ಮ ಕಾಲಿಗೆ ನೀರು ಹಾಕಬೇಕು, ಅದಕ್ಕೆ ಕಾಶಿಗಿಂತ ಕಷ್ಟದ ಜಾಗಕ್ಕೆ ಹೋಗಬೇಕು ಎಂದು ಅವರು ತೀರ್ಮಾನಿಸಿದ್ದರು. ನನಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ, ಪಾತ್ರೆಗಳ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕನ್ನಡದ ಸೀಮೆಗಳು ಇನ್ನೂ ಒಂದಾಗಿರಲಿಲ್ಲ. ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿ ಮುಂಬಯಿ ರಾಜ್ಯದಲ್ಲಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ ಊರುಗಳಾಗಿದ್ದವು. ಅಕ್ಕನ ಮನೆಗೆ ಹೋಗುವುದೆಂದರೆ ಇನ್ನೊಬ್ಬ ರಾಜನ ಸೀಮೆಗೆ ಹೋದ ಹಾಗೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಸಂಜೆ ಮಗ್ಗ ನಿಲ್ಲಿಸಿದ ಗಂಡಸರು ಕಟ್ಟೆಯ ಮೇಲೆ ಕೂತು ಬರಲಿರುವ ಕನ್ನಡ ರಾಜ್ಯದಲ್ಲಿ ಯಾವ ತಾಲೂಕು ಒಳಗೆ, ಯಾವುದು ಹೊರಗೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕೇದಾರದಲ್ಲಿ ಪೂಜೆ ಮಾಡುವವರು ನಮ್ಮ ಕಡೆಯಿಂದಲೇ ಹೋದವರು, ಕನ್ನಡ ಬಲ್ಲವರು ಎಂದು ಅವರಲ್ಲೊಬ್ಬರು ಒಂದು ದಿನ ಹೇಳಿದರು. ಒಳಗೆ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಅಲ್ಲಿಂದಲೇ, "ಹಂಗಾದರ ಕೇದಾರಾನೂ ನಮ್ಮ ರಾಜ್ಯದಾಗ ಸೇರಸ್ರಿ" ಎಂದರು. ಗಂಡಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ.

ಮುಂಡರಗಿಯಲ್ಲಿ ನಮಗೆ ದೂರದ ಸಂಬಂಧದ ಗಂಡ ಹೆಂಡತಿ ಇದ್ದರು. ಇಬ್ಬರಿಗೂ ವಯಸ್ಸಾಗಿತ್ತು, ಆದರೆ ಕಾಲು ಗಟ್ಟಿಯಾಗಿದ್ದವು. ಅವರು ಹೊರಟಿದ್ದಾರೆಂಬ ಖಬರು ಬಂದದ್ದೇ ತಡ, ಅತ್ತೆ ತಾವೂ ಹೊರಟರು. ನನ್ನ ಗಂಡ ಲಗ್ನದ ಸುಗ್ಗಿಯಲ್ಲಿ ಮಗ್ಗ ಬಿಟ್ಟು ಬರುವಂತಿರಲಿಲ್ಲ. ಹುಲಕೋಟಿಯ ನನ್ನ ತವರಿನಲ್ಲಿ ನಾನು ಹಿಂದಿ ಪರೀಕ್ಷೆ ಪಾಸು ಮಾಡಿದ್ದೆ. ಹಾಗಾಗಿ ದುಭಾಷಿ ಎಂದು ನನ್ನನ್ನು ಸೇರಿಸಿಕೊಂಡರು. ಆ ಪರೀಕ್ಷೆಯಿಂದ ನನಗಾದ ಲಾಭವೆಂದರೆ ಈ ಯಾತ್ರೆಯೊಂದೇ.

ಹೊರಡುವ ಮೊದಲು ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿದರು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಹಪ್ಪಳದಂತೆ ಒಣಗಿಸಿದರೆ ಅದು ಕಟಕ ರೊಟ್ಟಿ. ನಮ್ಮ ಬಿಸಿಲಿನ ನಾಡಿನಲ್ಲಿ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗಿನ ಅಡುಗೆ ಮುಟ್ಟದ ಅತ್ತೆಗೆ ಅದೇ ಆಧಾರ. ಹಳೆಯ ಧೋತರದಲ್ಲಿ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿ, ಅಗಸಿ ಹಿಂಡಿ ಎಂಬ ಅಗಸೆಬೀಜದ ಚಟ್ನಿಪುಡಿ ಎಲ್ಲ ಸಿದ್ಧವಾದವು. ಬೆಟ್ಟದ ಹೆಂಗಸರು ಯಾತ್ರಿಕರನ್ನು ಸೂಜಿ ದಾರ ಕೇಳುತ್ತಾರೆಂದು ಯಾರೋ ಹೇಳಿದ್ದರು. ಅತ್ತೆ ಮನೆಯ ಬಣ್ಣದ ನೂಲನ್ನೂ ಗಂಟಿಗೆ ತುರುಕಿದರು.

ರೈಲು ಬದಲಿಸಿ ಬದಲಿಸಿ ಹರಿದ್ವಾರ ಮುಟ್ಟಿದೆವು. ಮೋಟಾರು ಹೋಗುವವರೆಗೆ ಮೋಟಾರಿನಲ್ಲಿ ಕುಲುಕಿದೆವು. ಅಲ್ಲಿಂದ ಮುಂದೆ ಕಾಲೇ ಗತಿ. ಹಾದಿ ಒಂದು ಕಡೆ ಬೆಟ್ಟಕ್ಕೆ ಅಂಟಿಕೊಂಡು, ಇನ್ನೊಂದು ಕಡೆ ಹಸಿರು ನೀರಿನ ಹೊಳೆಯನ್ನು ಆಳದಲ್ಲಿ ಬಿಟ್ಟುಕೊಂಡು ಹತ್ತುತ್ತಿತ್ತು. ಕಣ್ಣು ಹಾಯಿಸಿದಷ್ಟೂ ಬಯಲು ನೋಡಿ ಬೆಳೆದ ನನಗೆ ಆಕಾಶ ಇಷ್ಟು ಸಣ್ಣದಿರಬಹುದೆಂದು ಗೊತ್ತಿರಲಿಲ್ಲ. ಅಲ್ಲಲ್ಲಿ ಚಟ್ಟಿ ಎಂಬ ತಂಗುವ ಜಾಗಗಳಿದ್ದವು. ಹುಲ್ಲಿನ ಮಾಡು, ಒಂದು ಅಂಗಡಿ. ಹಿಟ್ಟು ಬೇಳೆ ಅವರಲ್ಲೇ ಕೊಂಡರೆ ಪಾತ್ರೆ ಪುಕ್ಕಟೆ ಕೊಡುತ್ತಿದ್ದರು. ನಾನು ಪರೀಕ್ಷೆಯ ಹಿಂದಿಯಲ್ಲಿ, ಲಿಂಗ ವಚನ ತಪ್ಪದ ಹಾಗೆ, ಉಪ್ಪು ಕೇಳುತ್ತಿದ್ದೆ. ಅಂಗಡಿಯವನು ನನ್ನ ಮುಖ ನೋಡುತ್ತಿದ್ದ. ಅತ್ತೆ ನನ್ನನ್ನು ಸರಿಸಿ, ಕನ್ನಡದಲ್ಲೇ ಉಪ್ಪು ಕೇಳಿ, ಬೆರಳಿನಿಂದ ತೋರಿಸಿ, ಪಡೆದು ಬರುತ್ತಿದ್ದರು.

ಪೂಜೆಯವರು ಕನ್ನಡದವರಾದ ಮೇಲೆ ಬೆಟ್ಟವೆಲ್ಲ ಕನ್ನಡದ್ದೇ ಎಂದು ಅತ್ತೆಯ ಎಣಿಕೆ. ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಇಳಿಯುವ ಹೆಂಗಸರನ್ನು ನಿಲ್ಲಿಸಿ, ಎಮ್ಮೆ ಎಷ್ಟು ಹಿಂಡತೈತಿ, ಗಂಡ ಏನು ಮಾಡುತ್ತಾನೆ ಎಂದು ವಿಚಾರಿಸುತ್ತಿದ್ದರು. ಅವರೂ ತಮ್ಮ ಬೆಟ್ಟದ ಮಾತಿನಲ್ಲಿ ಸಾವಧಾನವಾಗಿ ಉತ್ತರ ಕೊಡುತ್ತಿದ್ದರು. ಹುಡುಗಿಯರು ಸೂಜಿ ದಾರಕ್ಕೆ ಕೈ ಚಾಚಿದರೆ, ಯಾವ ಬಣ್ಣ ಅವರಿಗೆ ಒಪ್ಪುತ್ತದೆಂದು ಮುಖ ನೋಡಿ ಆರಿಸಿ ಕೊಡುತ್ತಿದ್ದರು. ಯಾವ ದೇಶದವರೆಂದು ಯಾರಾದರೂ ಕೇಳಿದರೆ ಮುಂಡರಗಿಯ ಹಿರಿಯರು ಬಂಬಯಿ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಕೇಳಿದವರ ಕಣ್ಣು ಅರಳುತ್ತಿದ್ದವು, ಸಾಮಾನಿನ ಬೆಲೆಯೂ ಅರಳುತ್ತಿತ್ತು. ಅತ್ತೆಗೆ ಸಿಟ್ಟು ಬರುತ್ತಿತ್ತು. ಎಂದೂ ಕಾಲಿಡದ ಊರನ್ನು ನಮ್ಮೂರೆಂದು ಯಾಕೆ ಹೇಳಬೇಕೆಂದು ಗೊಣಗುತ್ತ ಅವರು ಮುಂದೆ ಮುಂದೆ ನಡೆಯುತ್ತಿದ್ದರು.

ನಮ್ಮ ರೊಟ್ಟಿಯ ಲೆಕ್ಕಾಚಾರ ತಪ್ಪಿದ್ದು ಅಲ್ಲಿಯೇ. ಮೋಡ ಹಾದಿಯ ಮೇಲೇ ನಡೆದು ಬರುವ ನಾಡು ಅದು. ಗಂಟು ಬಿಚ್ಚಿದರೆ ಕಟಕ ರೊಟ್ಟಿ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಅಂಚಿಗೆ ಬೂಷ್ಟು ಹಿಡಿಯತೊಡಗಿತ್ತು. ಬೇರೆ ಯಾರಾದರೂ ಆಗಿದ್ದರೆ ಹಿಟ್ಟು ಕಟ್ಟಿಕೊಂಡು ಬರುತ್ತಿದ್ದರು. ಒಣಗಿದ್ದು ಎಲ್ಲಿ ಹೋದರೂ ಒಣಗಿಯೇ ಇರುತ್ತದೆಂದು ನಂಬಿದವರು ನಾವೇ. ಒಂದು ಹಳ್ಳಿಯ ಬಳಿ ಬಿಸಿಲು ಬಿದ್ದಾಗ ಅತ್ತೆ ನಮ್ಮನ್ನೆಲ್ಲ ನಿಲ್ಲಿಸಿದರು. ಹಾದಿಯ ಪಕ್ಕದ ಹಾಸುಬಂಡೆಯ ಮೇಲೆ ರೊಟ್ಟಿಗಳನ್ನೆಲ್ಲ ಹರವಿ, ತಾವು ಕಾವಲಿಗೆ ಕೂತರು. ಮುಂಡರಗಿಯವರು ಅಷ್ಟು ದೂರ ಹೋಗಿ ಬೇರೆಯವರಂತೆ ನಿಂತರು.

ಆಗ ಮೇಲಿನಿಂದ ಆಡುಗಳ ಹಿಂಡು ಇಳಿಯಿತು. ಒಂದೊಂದರ ಬೆನ್ನ ಮೇಲೂ ಉಪ್ಪಿನ ಪುಟ್ಟ ಪುಟ್ಟ ಚೀಲ. ಆ ಕಡೆ ಸಾಮಾನು ಸಾಗಿಸುವುದು ಹಾಗೆಯೇ. ನೋಡಲು ಬಲು ಚೆಂದವೆಂದು ನಾನು ಬಾಯಿ ತೆರೆದು ನಿಂತಿದ್ದೆ. ಅವು ಸೀದಾ ಬಂಡೆಗೆ ಹತ್ತಿದವು. ಗದಗಿನ ಜೋಳ ಅವಕ್ಕೆ ರುಚಿಸಿತು. ಅತ್ತೆ ಸೆರಗು ಬೀಸುತ್ತ, ನಮ್ಮ ಸೀಮೆಯ ಬೈಗುಳಗಳನ್ನೆಲ್ಲ ಬೈಯುತ್ತ ಹಿಂಡಿನೊಳಗೆ ನುಗ್ಗಿದರು. ಕರಿಯದೊಂದು ಹೋತ ಎರಡು ರೊಟ್ಟಿ ಕಚ್ಚಿಕೊಂಡು ಇಳಿಜಾರಿಗೆ ಓಡಿತು. ಅತ್ತೆ ಅದರ ಬೆನ್ನು ಹತ್ತಿದರು. ಹಸಿ ಕಲ್ಲಿನ ಮೇಲೆ ಕಾಲು ಜಾರಿತು.

ಮೊಣಕಾಲು ಕಣ್ಣೆದುರೇ ಊದಿಕೊಂಡಿತು. ಬಂಡೆಯ ಮೇಲಿನ ಮನೆಯಿಂದ ಅತ್ತೆಯದೇ ವಯಸ್ಸಿನ ಒಬ್ಬ ಹೆಂಗಸು ಇಳಿದು ಬಂದಳು. ತನ್ನ ಸೊಸೆಯನ್ನು ಕೂಗಿದಳು. ನಾವೆಲ್ಲ ಸೇರಿ ಅತ್ತೆಯನ್ನು ಎತ್ತಿ ಒಯ್ದೆವು. ಕೆಳಗೆ ದನ, ಮೇಲೆ ಜನ ಇರುವ ಕಲ್ಲಿನ ಮನೆ ಅದು. ಆಕೆ ಸಾಸಿವೆ ಎಣ್ಣೆ ಕಾಯಿಸಿ ಉಜ್ಜಿದಳು. ಅತ್ತೆ ಅವಳಿಗೆ ಕನ್ನಡದಲ್ಲಿ ನಿಧಾನಕ್ಕೆ ಉಜ್ಜಲು ಹೇಳಿದರು, ಅವಳು ತನ್ನ ಮಾತಿನಲ್ಲಿ ಸುಮ್ಮನಿರಲು ಹೇಳಿದಳೆಂದು ಕಾಣುತ್ತದೆ. ಉಳಿದ ರೊಟ್ಟಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ರಾಗಿಯ ದಪ್ಪ ರೊಟ್ಟಿಗೆ ತುಪ್ಪ ಸವರಿ ಅತ್ತೆಯ ಮುಂದಿಟ್ಟಳು. ಹೊರಗಿನ ಅಡುಗೆ ಮುಟ್ಟದವರು ಅದನ್ನು ನೋಡಿದರು, ಅವಳ ಮುಖ ನೋಡಿದರು, ಮುರಿದು ತಿಂದರು.

ಮರುದಿನವೂ ಕಾಲು ಊರಲಾಗಲಿಲ್ಲ. ಕೇದಾರ ಇನ್ನು ಕೆಲವೇ ಚಟ್ಟಿಗಳ ದೂರದಲ್ಲಿತ್ತು. ಕಂಡಿ ಎಂಬ ಬುಟ್ಟಿಯಲ್ಲಿ ಯಾತ್ರಿಕರನ್ನು ಕೂರಿಸಿ ಬೆನ್ನ ಮೇಲೆ ಹೊತ್ತೊಯ್ಯುವವರು ಆ ಹಾದಿಯಲ್ಲಿದ್ದರು. ಮುಂಡರಗಿಯ ಹಿರಿಯರು ಒಬ್ಬನನ್ನು ಕರೆತಂದರು. ಅತ್ತೆ ಬುಟ್ಟಿ ನೋಡಿದರು, ಹೊರುವವನ ಸಣಕಲು ಕಾಲು ನೋಡಿದರು.

"ಇಂವನ ಬೆನ್ನ ಮ್ಯಾಲೆ ಕುಂತು ಹೋದರ ಯಾತ್ರಿ ನಂದ ಆಗೂದಿಲ್ಲ, ಇಂವಂದ ಆಗತೈತಿ" ಎಂದರು.

ನಾನು ಅವರ ಜೊತೆ ಅಲ್ಲೇ ಉಳಿಯುತ್ತೇನೆಂದೆ. ಮನಸ್ಸಿನಿಂದಲೇ ಹೇಳಿದ್ದು. ಅವರನ್ನು ಬಿಟ್ಟು ಹೋಗುವುದು ಕಳ್ಳತನದ ಹಾಗೆ ಅನ್ನಿಸುತ್ತಿತ್ತು. ಅತ್ತೆ ಮಾತ್ರ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದರು.

"ನೀ ಹೋಗಿ ಬಾ. ಇಬ್ಬರೂ ಇಲ್ಲೇ ಕುಂತರ ಊರಾಗ ಇಬ್ಬರೂ ಸುಳ್ಳ ಹೇಳಬೇಕಾಗತೈತಿ. ಒಬ್ಬಾಕಿ ಹೇಳಿದರ ಸಾಕು."

ನಾನು ಮುಂಡರಗಿಯವರೊಡನೆ ಹೊರಟೆ. ಮರಗಳು ಮುಗಿದವು, ಹಿಮ ಕಾಲಿಗೆ ಸಿಕ್ಕಿತು, ಉಸಿರು ಸಿಕ್ಕದಾಯಿತು. ಕೊನೆಯ ತಿರುವಿನಲ್ಲಿ ಬಿಳಿ ಬೆಟ್ಟದ ಬುಡದಲ್ಲಿ ಗುಡಿ ಕಂಡಿತು. ಕೈ ಮುಗಿದು ಏನು ಬೇಡಬೇಕೆಂದು ತಿಳಿಯದೆ ಅತ್ತೆಯ ಮೊಣಕಾಲನ್ನು ಬೇಡಿಕೊಂಡೆ. ಪ್ರಸಾದಕ್ಕೆ ಕೈ ಒಡ್ಡಿದಾಗ ಪೂಜೆಯವರು ನಮ್ಮ ಸೀರೆಯ ಅಂಚು ನೋಡಿ, "ಯಾವೂರಿನವರವ್ವಾ ನೀವು?" ಎಂದು ಕೇಳಿದರು.

ಅಷ್ಟು ದಿನಗಳಲ್ಲಿ ಹೊರಗಿನವರ ಬಾಯಲ್ಲಿ ಕೇಳಿದ ಮೊದಲ ಕನ್ನಡ ಅದು. ನನಗೆ ಅಳು ಒತ್ತರಿಸಿ ಬಂತು. ಆ ಮಾತನ್ನು ಹುಡುಕುತ್ತ ಬೆಟ್ಟದ ಹಾದಿಯುದ್ದಕ್ಕೂ ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸಿದವರು ಕೆಳಗೆ ಕಾಲು ಚಾಚಿ ಕೂತಿದ್ದರು. ಕೇಳಿದವಳು ನಾನು. ಪೂಜೆಯವರು ಭಕ್ತಿಯ ಕಣ್ಣೀರೆಂದು ತಿಳಿದು ನನಗೆ ಇನ್ನಷ್ಟು ಪ್ರಸಾದ ಕೊಟ್ಟರು.

ಇಳಿದು ಬಂದಾಗ ಅತ್ತೆ ಆ ಮನೆಯ ಅಂಗಳದಲ್ಲಿ ಕೂತು ಬೆಟ್ಟದ ಸೊಸೆಯ ಹರಿದ ರವಿಕೆಗೆ ಬೆಟಗೇರಿಯ ನೂಲಿನಿಂದ ಹೊಲಿಗೆ ಹಾಕುತ್ತಿದ್ದರು. ಇಬ್ಬರು ಅತ್ತೆಯರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ನಮ್ಮನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು. ಮಾತು ಸೊಸೆಯರ ಬಗ್ಗೆಯೇ ಇತ್ತೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಗುಡಿ ಹೇಗಿತ್ತು, ಹಿಮ ಹೇಗಿತ್ತು ಎಂದು ಅತ್ತೆ ಕೇಳಲಿಲ್ಲ.

"ಕನ್ನಡ ಮಾತಾಡಿದರೇನು?"

"ಮಾತಾಡಿದರ್ರಿ ಅತ್ತಿ. ಯಾವೂರಂತ ಕೇಳಿದರು."

"ಏನಂದಿ?"

"ಬೆಟಗೇರಿ ಅಂದ್ನಿರಿ."

ಅತ್ತೆ ತಲೆಯಾಡಿಸಿದರು. ದಾರವನ್ನು ಹಲ್ಲಿನಿಂದ ಕಡಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡಿದ್ದು ಅವರಿಗೂ ತಿಳಿಯಿತು. ಹೊರಡುವಾಗ ಉಳಿದ ಕಟಕ ರೊಟ್ಟಿಗಳನ್ನೂ ಬಣ್ಣದ ನೂಲನ್ನೂ ಆ ಮನೆಯಲ್ಲೇ ಬಿಟ್ಟರು. ಒಲೆಯ ಮೇಲಿನ ಅಟ್ಟದಲ್ಲಿದ್ದು ರೊಟ್ಟಿ ಮತ್ತೆ ಕಟಕಟ ಎನ್ನುತ್ತಿತ್ತು.

ಆ ಮನೆಯವರು ಕೊಟ್ಟ ಕೋಲು ಊರಿಕೊಂಡು, ಅಲ್ಲಲ್ಲಿ ಕೂತು ಏಳುತ್ತ, ಅತ್ತೆ ಮೋಟಾರಿನವರೆಗೆ ತಾವೇ ಇಳಿದರು. ರೈಲಿನಲ್ಲಿ, ಬೆಟ್ಟದವರೆಗೆ ಹೋದದ್ದೂ ಪುಣ್ಯವೇ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಮುಂಡರಗಿಯ ಅಜ್ಜಿ ಅತ್ತೆಗೆ ಸಮಾಧಾನ ಹೇಳಿದರು. ನಾನೂ ಬಾಯಿ ಬಿಡುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಗದಗ ಸ್ಟೇಷನ್ನಿನಲ್ಲಿ ಇಳಿದಾಗ ಒಣ ಗಾಳಿ ಮುಖಕ್ಕೆ ಬಡಿಯಿತು. ಅತ್ತೆ ಕೋಲು ಊರಿಕೊಂಡು, ಆದರೆ ಕೋಲು ಬೇಕಾಗಿಲ್ಲದವರ ಠೀವಿಯಲ್ಲಿ ನಡೆದರು.

ಮನೆಯ ಮುಂದೆ ಓಣಿಯೇ ನೆರೆದಿತ್ತು. ಹೊಸ್ತಿಲಲ್ಲಿ ಪರಾತ ಇಟ್ಟುಕೊಂಡು, ತಂಬಿಗೆ ಹಿಡಿದು, ಲಕ್ಷ್ಮೇಶ್ವರದ ದೊಡ್ಡತ್ತೆ ಕುಕ್ಕುರುಗಾಲಲ್ಲಿ ಕೂತಿದ್ದರು. ಹಿಂದಿನ ದಿನವೇ ಬಂದಿದ್ದರಂತೆ. ನೀರು ತಾವೇ ಕಾಯಿಸಿದ್ದರಂತೆ. ತಂಗಿಯನ್ನು ಕಂಡು ಅವರ ಮುಖದಲ್ಲಿದ್ದದ್ದು ಬರೀ ಸಂತೋಷ. ಕಾಶಿಯ ಗತ್ತು ಒಂದಿಷ್ಟೂ ಇರಲಿಲ್ಲ. ನಾನು ಅದನ್ನು ನಿರೀಕ್ಷಿಸಿರಲಿಲ್ಲ, ಅತ್ತೆಯೂ ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ.

ಅತ್ತೆ ನಿರಿಗೆ ಎತ್ತಿದರು. ಬಲಗಾಲನ್ನು ಪರಾತದ ಮೇಲೆ ತಂದರು. ಅಕ್ಕ ತಂಬಿಗೆ ಬಾಗಿಸಿದರು. ಅಷ್ಟು ವರ್ಷ ಕಾದ ನೀರು ಇನ್ನೇನು ಬೀಳಬೇಕು, ಅತ್ತೆ ಕಾಲು ಹಿಂದಕ್ಕೆ ತೆಗೆದರು.

"ಅಕ್ಕಾ, ನಾ ಕೇದಾರ ನೋಡಿಲ್ಲ. ರೊಟ್ಟಿ ಸಲುವಾಗಿ ಆಡಿನ ಬೆನ್ನ ಹತ್ತಿ ಬಿದ್ನಿ. ನೋಡಿದಾಕಿ ಇಕಿ."

ಹಾಗೆಂದವರೇ ನನ್ನ ರಟ್ಟೆ ಹಿಡಿದು ಎಳೆದು ಪರಾತದಲ್ಲಿ ನಿಲ್ಲಿಸಿದರು. ಅಕ್ಕನ ಕೈಯಿಂದ ತಂಬಿಗೆ ತೆಗೆದುಕೊಂಡರು. ಸೊಸೆಯ ಕಾಲಿಗೆ ಅತ್ತೆ ಬಾಗುವುದನ್ನು ಆ ಓಣಿ ಕಂಡಿರಲಿಲ್ಲ. ನಾನು ನಾಚಿ, ಹೆದರಿ, ಕಾಲು ಎಳೆದುಕೊಳ್ಳಲು ನೋಡಿದೆ. ಅವರು ನನ್ನ ಮೀನಖಂಡ ಹಿಡಿದುಕೊಂಡರು.

"ಸುಮ್ಮನ ನಿಂದ್ರು. ನನ್ನ ಯಾತ್ರಿ ಮುಗಸಾಕ ಬಿಡು."

ಅತ್ತೆಯ ಮೊಣಕಾಲು ಬಗ್ಗುತ್ತಿರಲಿಲ್ಲ. ದೊಡ್ಡತ್ತೆ ಒಂದು ಕೈಯಿಂದ ತಂಗಿಯ ತೋಳು ಹಿಡಿದು ಕೆಳಗೆ ಕೂರಿಸಿದರು, ಇನ್ನೊಂದು ಕೈಯಿಂದ ತಾವೂ ನನ್ನ ಕಾಲು ತೊಳೆದರು. ಯಾವ ಆಡು, ಏನು ಕಥೆ ಎಂದು ಕಿವಿಯಲ್ಲಿ ಕೇಳುತ್ತಿದ್ದರು. ಅತ್ತೆ ಹೇಳಲು ಹೋಗಿ ನಕ್ಕರು, ಅಕ್ಕನೂ ನಕ್ಕರು. ನಾನೊಬ್ಬಳೇ ಪರಾತದಲ್ಲಿ ನಿಂತು ಅಳುತ್ತಿದ್ದೆ, ಬೆಚ್ಚಗಿನ ನೀರು ನನ್ನ ಪಾದಗಳ ಮೇಲೆ ಹರಿಯುತ್ತಿತ್ತು.