ಗೋಡೆಯ ಮೇಲೆ ಮೂಡಿದ ಬೀದಿ

"ಆಂಟಿ, ಮೂವ್ ಆಗ್ಬೇಡಿ, ಬೆಳಕಿಗೆ ಅಡ್ಡ ಆಗುತ್ತೆ" ಎಂದಳು ಮಹಡಿ ಮನೆಯ ಆಯಿಷಾ. ತೀರಿಕೊಂಡ ನನ್ನ ಹಸ್ಬೆಂಡ್‌ರ ನಡು ಉಬ್ಬಿದ ದಪ್ಪ ಗಾಜಿನ ಕನ್ನಡಕವನ್ನು ಕಿಟಕಿಯೆದುರಿನ ಗೋಡೆಯ ಹತ್ತಿರ ಹಿಡಿದಿದ್ದಳು. ಕಾಲೇಜಿನಲ್ಲಿ ಅವಳ ಮೇಜರ್ ಸೈಕಾಲಜಿ, ಮೈನರ್ ಫಿಸಿಕ್ಸ್. ಲೆನ್ಸಿನ ಪಾಠ ತಲೆಗೆ ಹತ್ತದೆ, ಮರುದಿನವೇ ಮೈನರ್ ಬದಲಿಸಲು ಹೊರಟಿದ್ದಳು. ಬಿಡುವ ಮುನ್ನ ಒಮ್ಮೆ ಕಣ್ಣಾರೆ ನೋಡೋಣವೆಂದು ಕನ್ನಡಕ ಕೇಳಿಕೊಂಡು ಬಂದಿದ್ದಳು.

ಗಾಜನ್ನು ಕೊಂಚ ಹಿಂದೆ ಸರಿಸಿದಳು. ನಮ್ಮ ಜೋಗುಪಾಳ್ಯದ ಬೀದಿ ಗೋಡೆಯ ಮೇಲೆ ಬೆರಳುದ್ದಕ್ಕೆ, ಬಣ್ಣದ ಸಮೇತ, ತಲೆಕೆಳಗಾಗಿ ಮೂಡಿತು. ಆಟೊವೊಂದು ಚಕ್ರ ಮೇಲೆ ಮಾಡಿಕೊಂಡು ಸದ್ದಿಲ್ಲದೆ ಹೋಯಿತು.

"ನಮ್ಮೆಜಮಾನ್ರಿಗೆ ಇಷ್ಟು ವರ್ಷ ಎಲ್ಲಾ ಹೀಗೇ ಕಾಣ್ತಿತ್ತೇನೇ?" ಎಂದೆ.

"ಅಯ್ಯೋ, ಇಲ್ಲ ಆಂಟಿ! ಅವ್ರಿಗೆ ನೀವು ನೆಟ್ಟಗೇ ಕಾಣ್ತಿದ್ರಿ" ಎಂದು ನಕ್ಕು, ಯಾಕೆಂದು ಬಿಡಿಸಿ ಹೇಳತೊಡಗಿದಳು. ಅರ್ಧದಲ್ಲಿ ತಾನೇ ನಿಲ್ಲಿಸಿ, "ಅರೆ! ನಂಗಿದು ಅರ್ಥ ಆಗ್ಬಿಟ್ಟಿದೆ" ಎಂದಳು.

ಫಿಸಿಕ್ಸನ್ನು ಅವಳು ಬಿಡಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ನೀಡಲ್‌ವರ್ಕ್ ಇತ್ತು, ಫಿಸಿಕ್ಸ್ ಇರಲಿಲ್ಲ. ಪ್ರತಿ ಬೆಳಿಗ್ಗೆ ಆ ಗಾಜನ್ನು ಸೆರಗಿನಿಂದ ಒರೆಸಿ ಕೊಡುತ್ತಿದ್ದವಳು ನಾನೇ; ಅದರೊಳಗೆ ಒಂದು ಬೀದಿಯೇ ಹಿಡಿಸುತ್ತದೆಂದು ತೋಚಿರಲಿಲ್ಲ.