ದಿಯೊಲಿಂಡಾಳ ಲಸಿಕೆ ಚೀಟಿ

ನಮ್ಮ ಕಾಸಾಪಾ ಸೀಮೆಯ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸ ದಿಯೊಲಿಂಡಾಳದು. ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಅವಳು ಬಂದಳೆಂದರೆ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ನಮ್ಮ ಬೀದಿಯ ಕಸಿಯಾನಾ ಅಜ್ಜಿ ಹಟ ಹಿಡಿದಾಗ, "ನಾಚ್ಕೆ ಆಗಲ್ವಾ ಅಜ್ಜಿ? ಒಂಬತ್ತು ಹೆತ್ತೋಳು, ಸೂಜಿಗೆ ಹೆದರ್ತೀಯಾ!" ಎಂದು ಎಲ್ಲರೆದುರು ಛೇಡಿಸಿ ಚುಚ್ಚಿದ್ದಳು.

ತಾನೇ ಬಸುರಿಯಾದಾಗ ಅವಳಿಗೆ ಆ ಧೈರ್ಯ ಬರಲಿಲ್ಲ. ಹಿಂದೊಮ್ಮೆ ಮೂರು ತಿಂಗಳಿಗೇ ಗರ್ಭ ಇಳಿದುಹೋಗಿತ್ತು. ಲಸಿಕೆಯಿಂದ ಬಸುರಿಯರಿಗೆ ಏನೂ ಆಗದೆಂದು ಊರಿಗೆಲ್ಲ ಹೇಳುತ್ತಿದ್ದವಳು, ಏಪ್ರಿಲ್‌ನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳದೆಯೇ ತನ್ನ ಚೀಟಿಯಲ್ಲಿ ತಾರೀಕು ಬರೆದು ಸಹಿ ಮಾಡಿಕೊಂಡಳು.

ನಮ್ಮ ಕಡೆ ಚಳಿಗಾಲವಾದ ಜುಲೈನಲ್ಲಿ, ಏಳು ತಿಂಗಳಾಗಿದ್ದಾಗ, ಜ್ವರ ಬಂತು. ಮೂರನೆಯ ದಿನ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಗಂಡ ವಿಲ್ಫ್ರಿದೊ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಚೀಟಿ ನೋಡಿ, "ಫ್ಲೂ ಲಸಿಕೆ ಆಗಿದೆ. ಇದು ಬೇರೆ ಥರದ ನ್ಯುಮೋನಿಯಾ ಇರ್ಬೇಕು" ಎಂದು ಅದಕ್ಕೆ ತಕ್ಕ ಔಷಧಿ ಶುರುಮಾಡಿದರು. ದಿಯೊಲಿಂಡಾ ಕೇಳಿಸಿಕೊಂಡಳು. ಗಂಡ ಪಕ್ಕದಲ್ಲೇ ನಿಂತಿದ್ದ. ಅವಳು ಬಾಯಿ ಬಿಡಲಿಲ್ಲ.

ಮರುದಿನ ತುಟಿ ನೀಲಿಯಾಯಿತು. ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾದಂತೆ ಅನಿಸಿದಾಗ ಅವಳು ಆಮ್ಲಜನಕದ ಮಾಸ್ಕನ್ನು ಎಳೆದುಹಾಕಿ, "ಡಾಕ್ಟ್ರೇ... ಆ ಚೀಟಿ ಸುಳ್ಳು. ನಾನೇ ಬರ್ಕೊಂಡಿದ್ದು" ಎಂದಳು. ವಿಲ್ಫ್ರಿದೊ ಹೊರಗೆ ಹೋಗಿ ನಿಂತ.

ಪರೀಕ್ಷೆ ಮಾಡಿದರು, ಫ್ಲೂವೇ ಆಗಿತ್ತು. ರಾಜಧಾನಿ ಅಸುನ್ಸಿಯೋನ್‌ಗೆ ಸಾಗಿಸಿ, ಕೃತಕ ಉಸಿರಾಟದ ಯಂತ್ರಕ್ಕೆ ಹಾಕಿ, ಹೊಟ್ಟೆ ಕೊಯ್ದು ಹೆಣ್ಣುಮಗುವನ್ನು ತೆಗೆದರು. ಅಂಗೈಯಗಲದ ಕೂಸು. ತಾಯಿ, ಮಗು ಇಬ್ಬರೂ ಉಳಿದರು.

ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದವಳಿಗೆ ಕಸಿಯಾನಾ ಅಜ್ಜಿ ಕೋಳಿ ಸಾರು ತಂದಳು. ಅಂದು ನಾನೂ ಅಲ್ಲಿದ್ದೆ.

"ಲಸಿಕೆ ಹಾಕಿಸ್ಕೊಂಡಿದ್ದ ನಿನಗೇ ಹೀಗಾಯ್ತಲ್ಲ ಮಗಳೇ! ಬಸುರಿ ಮೊಮ್ಮಗಳಿಗೆ ಯಾವ ಸೂಜಿನೂ ಬೇಡ ಅಂದ್ಬಿಟ್ಟೆ. ಬೀದಿಯೋರೆಲ್ಲ ಅದನ್ನೇ ಅಂತಿದ್ದಾರೆ."

ದಿಯೊಲಿಂಡಾಳ ಮುಖ ಕೆಂಪೇರಿತು. "ನಾನು ಹಾಕಿಸ್ಕೊಂಡಿರ್ಲಿಲ್ಲ ಅಜ್ಜಿ. ಹೆದರ್ಕೊಂಡೆ. ಸುಳ್ಳು ಬರ್ದೆ."

"ನನಗೆ ಚುಚ್ಚೋವಾಗ ನಗ್ತಿದ್ದೆಯಲ್ಲೇ," ಎಂದಳು ಅಜ್ಜಿ. ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಎದ್ದುಹೋದಳು.

ಆ ವಾರವೇ ದಿಯೊಲಿಂಡಾ ಮೇಲಿನವರಿಗೂ ವಿಷಯ ತಿಳಿಸಿದಳು. ಅವಳಿಂದ ಲಸಿಕೆಯ ಕೆಲಸ ತೆಗೆದು ಮಕ್ಕಳ ತೂಕ ನೋಡಲು ಹಾಕಿದರು. ಅಜ್ಜಿಯ ಮೊಮ್ಮಗಳು ಹೊಸ ನರ್ಸ್ ಹತ್ತಿರ ಸೂಜಿ ಹಾಕಿಸಿಕೊಂಡಳು. ದಿಯೊಲಿಂಡಾಳ ಮಗು ಈಗ ಅಂಗಳವೆಲ್ಲ ಓಡಾಡುತ್ತದೆ. ಆದರೂ ಕಸಿಯಾನಾ ಅಜ್ಜಿಯ ಮನೆ ಬಂದರೆ ದಿಯೊಲಿಂಡಾ ಬೈಕನ್ನು ನಿಧಾನ ಮಾಡುವುದಿಲ್ಲ, ಆ ಕಡೆ ಮುಖವೆತ್ತಿ ನೋಡುವುದೂ ಇಲ್ಲ.