ದೇವಿ ಹೂ ಕೊಟ್ಟ ಫ್ಲಾಪಿ

ಜಿಪುಣರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವ ಜಾತಿಯ ಜಿಪುಣರೆಂದರೆ ನಮ್ಮ ಸಾಹುಕಾರರೇ. ಮಧುಗಿರಿಯಲ್ಲಿ ಅವರದು ಬೋರ್‌ವೆಲ್ ಕೊರೆಯುವ ವ್ಯವಹಾರ. ಎರಡು ರಿಗ್ ಲಾರಿ, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಆಫೀಸು, ಆಫೀಸಿನಲ್ಲಿ ಟೈಪಿಸ್ಟ್ ಆಗಿ ನಾನು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿರಾದಲ್ಲಿ ಇದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರು ಕಂಪ್ಯೂಟರ್ ತಂದರಂತೆ ಎಂಬ ಒಂದೇ ಕಾರಣಕ್ಕೆ ನಮ್ಮವರೂ ಒಂದು ತಂದರು. ಅದಕ್ಕೊಂದು ಜರಿ ಅಂಚಿನ ವಸ್ತ್ರ ಹೊದಿಸಿ, ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಅಪ್ಪಣೆ ಮಾಡಿದರು. ಪ್ರಿಂಟರ್ ಮಾತ್ರ ತರಲಿಲ್ಲ. ಅದನ್ನು ಆಮೇಲೆ ನೋಡೋಣ ಅಂದರು.

ತಂದದ್ದಾಯಿತು, ಅದರೊಳಗೆ ತುಂಬುವುದೇನು? ಆಗ ಸಾಹುಕಾರರ ಕಣ್ಣು ನಮ್ಮ ಡ್ರಿಲ್ಲರ್ ಮಾವನ ಪುಸ್ತಕಗಳ ಮೇಲೆ ಬಿತ್ತು. ಮಾವ ಅಂದರೆ ಸಂಬಂಧದಲ್ಲಿ ಅಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಕಡೆಯವರು, ಮನೆಮಾತು ತೆಲುಗು. ರಿಗ್ಗಿನ ಮುಂದೆ ನಿಂತು ನಿಂತು ಎರಡೂ ಕಿವಿ ಮಂದವಾಗಿದ್ದವು. ತಾವು ಕೊರೆದ ಪ್ರತಿ ಬೋರಿನ ವಿವರವನ್ನೂ ತೆಲುಗು ಅಕ್ಷರದಲ್ಲಿ ಬರೆದಿಟ್ಟಿದ್ದರು. ಯಾವ ಊರು, ಹುಣಸೆಮರದಿಂದ ಮೂಡಕ್ಕೆ ಎಷ್ಟು ಹೆಜ್ಜೆ, ಎಷ್ಟು ಅಡಿಗೆ ಕಲ್ಲು, ಎಷ್ಟು ಅಡಿಗೆ ನೀರು, ಎಲ್ಲಿಯವರೆಗೆ ಪೈಪು ಇಳಿಸಿದ್ದು, ಎಲ್ಲವೂ ಅದರಲ್ಲಿತ್ತು. ರಿಗ್ಗಿನ ಕೆಲಸ ಬಿಟ್ಟ ಮೇಲೆ ಊರಲ್ಲಿ ಕೂತು, ಸಿಕ್ಕಿಹಾಕಿಕೊಂಡ ಪಂಪು ಎತ್ತಿ ರಿಪೇರಿ ಮಾಡುವುದು ಅವರ ಯೋಚನೆ. ಆ ಕೆಲಸಕ್ಕೆ ಬಂಡವಾಳ ಈ ಪುಸ್ತಕಗಳೇ.

ಸಾಹುಕಾರರು ಕೇಳಿದಾಗ ಮಾವ ಪುಸ್ತಕಗಳ ಗಂಟನ್ನು ತಂದದ್ದು ಅವರ ಮೇಜಿಗಲ್ಲ, ನನ್ನ ಮೇಜಿಗೆ.

"ನಾಯನಾ, ಇದು ನನ್ ಮುಪ್ಪಿನ ಅನ್ನ. ಸಾಹುಕಾರಪ್ಪನ ಮಾತು ನಂಗ್ ಬ್ಯಾಡ, ನೀ ಹೇಳು. ನಾ ಕೇಳಿದಾಗ ವಾಪಸ್ ಸಿಕ್ತದಾ?"

"ಸಿಗ್ತೈತೆ ಕಣ್ ಮಾವ," ಎಂದು ಅವರ ಕಿವಿಯ ಹತ್ತಿರ ಕೂಗಿದೆ. "ಕಾಗದಾನ ಗೆದ್ಲು ತಿಂತೈತೆ. ಇದ್ನ ಯಾವ್ ಗೆದ್ಲೂ ಮುಟ್ಟಾಕಿಲ್ಲ. ನೀನ್ ಕೆಲ್ಸ ಬುಡೋ ಹೊತ್ಗೆ ಪ್ರಿಂಟು ಹಾಕಿ ನಾನೇ ಕೊಡ್ತೀನಿ."

ಇಪ್ಪತ್ತೆರಡು ವರ್ಷದ ಬಿ.ಕಾಂ. ಗರ್ವ ಅದು. ಐದು ತಿಂಗಳು, ರಿಗ್ ನಿಂತ ದಿನಗಳಲ್ಲೆಲ್ಲ ಮಾವ ಪಕ್ಕದಲ್ಲಿ ಕೂತು ಓದಿದರು, ನಾನು ಟೈಪು ಮಾಡಿದೆ.

ಕಂಪ್ಯೂಟರ್ ಕೂರಿಸಿಕೊಟ್ಟ ಅಂಗಡಿಯವನು ಮೊದಲೇ ಹೇಳಿದ್ದ: ಒಳಗಿನ ಡಿಸ್ಕು ಯಾವತ್ತು ಬೇಕಾದರೂ ಕೈಕೊಡಬಹುದು, ವಾರಕ್ಕೊಮ್ಮೆ ಎಲ್ಲವನ್ನೂ ಫ್ಲಾಪಿಗೆ ಇಳಿಸಿ ಬ್ಯಾಕಪ್ ಇಟ್ಟುಕೊಳ್ಳಿ, ಅದಕ್ಕೆ ಒಳ್ಳೆಯ ಸಾಫ್ಟ್‌ವೇರ್ ಕೊಳ್ಳಿ. ಕೊಳ್ಳಿ ಎಂಬ ಮಾತು ಕೇಳಿದ ಕೂಡಲೇ ಸಾಹುಕಾರರ ಮುಖ ಹುಳ್ಳಗಾಯಿತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಪೈಕಿ ಅವರು. ಊರೆಲ್ಲ ಹೇಳಿಕಳಿಸಿ ಪುಕ್ಕಟೆಯವೇ ಮೂರು ಕೂಡಿಸಿದರು. ಒಂದು ಅವರ ಬಾಮೈದ ಬೆಂಗಳೂರಿನ ಯಾವುದೋ ಪ್ರದರ್ಶನದ ಮಳಿಗೆಯಿಂದ ತಂದದ್ದು. ಅದರ ತೆರೆಯ ಮೇಲೆ ಹಸಿರು ಹಳದಿ ಪಟ್ಟಿಗಳು ಓಡುತ್ತಿದ್ದವು. ಇನ್ನೊಂದು ಶಿರಾದ ಮೇಷ್ಟರೊಬ್ಬರು ಕೊಟ್ಟದ್ದು. ಮೂರನೆಯದು ಕಂಪ್ಯೂಟರಿನ ಜೊತೆಗೇ ಬಂದಿದ್ದ ಫ್ಲಾಪಿಯಲ್ಲಿದ್ದದ್ದು. ಬಣ್ಣವಿಲ್ಲ, ಬಿನ್ನಾಣವಿಲ್ಲ, ಕೆಲಸ ಮಾತ್ರ ಮಾಡುತ್ತಿತ್ತು. ನಾನು ಮೂರನೆಯದು ಸಾಕು ಅಂದೆ.

"ಅದು ಎಮ್ಮೆ ಜೊತೆ ಬಂದ ಹಗ್ಗ ಕಣ್ಲಾ," ಅಂದರು ಸಾಹುಕಾರರು. "ಅದ್ರಾಗೇನೈತೆ."

ಬಾಮೈದ ತನ್ನದೇ ಆಗಬೇಕೆಂದು ಹಟ ಹಿಡಿದ. ಕೊನೆಗೆ ಪುರವರದ ಹತ್ತಿರ ಅವರ ಮನೆದೇವರ ಗುಡಿಗೆ ಹೋಗಿ ಹೂ ಕೇಳುವುದೆಂದು ತೀರ್ಮಾನವಾಯಿತು. ಎಲ್ಲಿ ಬೋರ್ ಕೊರೆಯಬೇಕು, ಯಾವ ಹುಡುಗಿಯನ್ನು ಸೊಸೆ ಮಾಡಿಕೊಳ್ಳಬೇಕು, ಎಲ್ಲವನ್ನೂ ಆ ಮನೆಯಲ್ಲಿ ಹೂವೇ ಹೇಳುತ್ತಿತ್ತು. ದೇವಿಯ ಮೈಗೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಕೂಡದು.

ಪೂಜಾರಿ ಬಾಮೈದನ ಫ್ಲಾಪಿಯನ್ನು ದೇವಿಯ ಪಾದದ ಹತ್ತಿರ ಇಟ್ಟ. ಅದಕ್ಕೆ ಕುಂಕುಮ ಹಚ್ಚಲು ಹೋದವನ ಕೈಯನ್ನು ನಾನೇ ಹಿಡಿದು ನಿಲ್ಲಿಸಿದೆ. ಗಂಟೆ ಬಾರಿಸಿದರು, ಕಾದೆವು, ಬಲಗಡೆಯ ಸೇವಂತಿಗೆ ಜಾರಿ ಬಿತ್ತು. ಮಿಕ್ಕ ಎರಡು ನನ್ನ ಜೇಬಿನಲ್ಲೇ ಇದ್ದವು. ಅವುಗಳ ವಿಷಯ ಯಾರೂ ಕೇಳಲೇ ಇಲ್ಲ.

"ಅಮ್ಮ ಒಪ್ಕೊಂಡ್ ಮ್ಯಾಲೆ ಇನ್ನೇನ್ಲಾ," ಎಂದು ಸಾಹುಕಾರರು ತೀರ್ಥ ತೆಗೆದುಕೊಂಡರು. ಥೂ, ಎಂಥ ಜನ ಎಂದುಕೊಂಡು ನಾನೂ ತೆಗೆದುಕೊಂಡೆ.

ಅಂದಿನಿಂದ ಪ್ರತಿ ಶುಕ್ರವಾರ ಕಂಪ್ಯೂಟರಿಗೆ ಊದುಬತ್ತಿ ಹಚ್ಚಿ ಬ್ಯಾಕಪ್ ತೆಗೆಯುವ ವೈಭವ ಶುರುವಾಯಿತು. ಪಟ್ಟಿಗಳು ಓಡುತ್ತಿದ್ದವು, ದೀಪ ಮಿನುಗುತ್ತಿತ್ತು, ಸಾಹುಕಾರರು ಕೈಮುಗಿದು ನಿಂತಿರುತ್ತಿದ್ದರು. ಆದರೆ ಶುರುವಿನಲ್ಲೇ ತೆರೆಯ ಮೇಲೆ ಒಂದು ಸಾಲು ಇಂಗ್ಲಿಷು ಬಂದು ಹೋಗುತ್ತಿತ್ತು: ಇದು ತೋರಿಕೆಗೆ ಮಾಡಿದ ನಮೂನೆ ಪ್ರತಿ, ಫೈಲಿನ ಹೆಸರುಗಳನ್ನು ಮಾತ್ರ ಉಳಿಸುತ್ತದೆ. ಆ ಆಫೀಸಿನಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಒಂದು ಸಲ, ಹೇಳಬೇಕಲ್ಲ ಎಂದು, ಹಾಕಿದ್ದು ವಾಪಸ್ಸು ಬರುತ್ತದೋ ಇಲ್ಲವೋ ತೆಗೆದು ನೋಡೋಣವೇ ಎಂದು ಕೇಳಿದೆ.

"ರಾಗಿ ತುಂಬಿ ಮುಚ್ಚಿದ್ ಹಗೇವ್ನ ಸುಮ್‌ಸುಮ್ಕೆ ತೆಗ್ದ್ ನೋಡ್ತಾರೇನ್ಲಾ? ಅಪಶಕುನದ್ ಮಾತಾಡ್‌ಬ್ಯಾಡ."

ಸರಿ, ಅನುಭವಿಸಲಿ ಮುಂಡೇವು ಎಂದುಕೊಂಡೆ. ಆ ಸಾಲಿನ ಅರ್ಥ ಹೇಳಲಿಲ್ಲ. ಎಮ್ಮೆ ಹಗ್ಗ ಅಂದವರಿಗೆ ಹೇಳುವುದೇನು? ಪ್ರತಿ ಶುಕ್ರವಾರ ಅದನ್ನು ಓದಿ, ಒಳಗೊಳಗೇ ನಕ್ಕು, ಮುಂದಿನ ಕೀಲಿ ಒತ್ತುತ್ತಿದ್ದೆ.

ಟೈಪು ಮುಗಿದ ವಾರವೇ ಸಾಹುಕಾರರು ಮಾವನ ಪುಸ್ತಕಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿಸಿದರು. ಶಿರಾದ ಬೋರ್‌ವೆಲ್‌ನವರ ಕೈಗೆ ಸಿಕ್ಕಾವು ಎಂಬ ಹೆದರಿಕೆ. ನನಗೆ ತಿಳಿದದ್ದು ನೀರು ಕಾದ ಮೇಲೆ. ಆಗಲೂ ಎರಡನೆಯ ದಾರಿ ಇತ್ತು. ಡಿಸ್ಕು ಸರಿಯಾಗಿತ್ತು, ಮೂರನೆಯ ಫ್ಲಾಪಿ ನನ್ನ ಡ್ರಾಯರಿನಲ್ಲೇ ಇತ್ತು, ಅರ್ಧ ದಿನದ ಕೆಲಸ. ಆ ಅರ್ಧ ದಿನ ನಾನು ಕೊಡಲಿಲ್ಲ. ಸಾಹುಕಾರರೇ ಬಂದು ಕೇಳಿಕೊಳ್ಳಲಿ ಎಂದು ಕಾದೆ.

ಮೂರು ತಿಂಗಳಿಗೆ, ಒಂದು ಮಧ್ಯಾಹ್ನ, ಕರೆಂಟು ಹೋಗಿ ಬಂದು ಹೋಗಿ ಬಂತು. ಕಂಪ್ಯೂಟರ್ ಕರಕರ ಅಂದು ನಿಂತಿತು. ಅಂಗಡಿಯವನು ಬಂದು ಡಿಸ್ಕು ಸತ್ತಿದೆ ಎಂದು ಬೇರೆ ಹಾಕಿಕೊಟ್ಟ. ದೇವಿ ಒಪ್ಪಿದ ಬ್ಯಾಕಪ್ ಫ್ಲಾಪಿಗಳನ್ನು ಸಾಹುಕಾರರೇ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಊರುಗಳ ಹೆಸರೆಲ್ಲ ಸಾಲಾಗಿ ಬಂದವು. ತೋವಿನಕೆರೆ ಬಂತು, ಪುರವರ ಬಂತು. ತೆರೆದರೆ ಒಂದರಲ್ಲೂ ಒಂದಕ್ಷರ ಇರಲಿಲ್ಲ. ಬಾಮೈದ ಕರೆಂಟಿನವರನ್ನು ಬೈದ. ಸಾಹುಕಾರರು ಗುಡಿಗೆ ಮುಟ್ಟಾದ ಹೆಂಗಸು ಯಾರೋ ಬಂದಿರಬೇಕು ಅಂದರು. ಇಂಥ ತಲೆಗಳಿಗೆ ದೇವರು ಕೂದಲನ್ನಾದರೂ ಯಾಕೆ ಕೊಟ್ಟನೋ.

ಆಮೇಲಿನ ತಿಂಗಳು ಡ್ರಿಲ್ಲರ್ ಮಾವ ಕೆಲಸ ಬಿಟ್ಟರು. ಕಾಗದ ಕಟ್ಟಿಕೊಳ್ಳಲು ಒಂದು ಹೊಸ ಪಂಚೆ ತಂದು ನನ್ನ ಮೇಜಿನ ಮುಂದೆ ನಿಂತರು.

"ಹೋಯ್ತು ಮಾವ," ಅಂದೆ. ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಮೂರನೆಯ ಸಲ ಕೂಗಿದಾಗ ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ಮಾವ ಪಂಚೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

"ಇಂಗಾಗ್ತದೆ ಅಂತ ನಿಂಗೂ ಗೊತ್ತಿರ್ಲಿಲ್ವಾ, ನಾಯನಾ?"

"ಗೊತ್ತಿತ್ತು," ಅಂದೆ. ಧ್ವನಿ ಮೇಲೆ ಬರಲಿಲ್ಲ.

ಅವರು ಕಿವಿಗೆ ಕೈ ಅಡ್ಡ ಹಿಡಿದು ಬಗ್ಗಿದರು. "ಏನಂದೆ?"

ಅದನ್ನೇ ಇನ್ನೊಮ್ಮೆ ಕೂಗಿ ಹೇಳಲು ನನ್ನಿಂದಾಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಮಾವ ನನ್ನ ಬೆನ್ನು ತಟ್ಟಿ, "ಬುಡು, ನಿಂದೇನ್ ತಪ್ಪು," ಎಂದು ಹೋಗಿ ಪಾವಗಡದ ಬಸ್ಸು ಹತ್ತಿದರು.